ಬೆಳ್ಳಿಯನ್ನು ಬೇರೆ ತೂಗಿದೆವು

ಮಗುವನ್ನು ತೂಗುವುದಕ್ಕೆ ಒಂದು ಕ್ರಮವಿದೆ. ಮೊದಲು ತಕ್ಕಡಿಯ ಕೊಕ್ಕೆಗೆ ಬರಿಯ ಬಟ್ಟೆಚೀಲವನ್ನು ನೇತುಹಾಕಿ ಮುಳ್ಳನ್ನು ಸೊನ್ನೆಗೆ ತರಬೇಕು. ಆಮೇಲೆ ಮಗುವಿನ ಎರಡು ಕಾಲನ್ನೂ ಆ ಚೀಲದ ತೂತುಗಳಲ್ಲಿ ಇಳಿಸಿ, ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ ಕೈ ಬಿಡಬೇಕು. ಮಗು ಅಳುತ್ತದೆ, ಒದೆಯುತ್ತದೆ, ಮುಳ್ಳು ಕುಣಿಯುತ್ತದೆ. ಅದು ನಿಲ್ಲುವವರೆಗೆ ಕಾದು, ಕಣ್ಣಿನ ಮಟ್ಟದಲ್ಲಿ ನೋಡಿ ಓದಬೇಕು. ಇಷ್ಟನ್ನು ನಾನು ಮೂಡಿಗೆರೆಯಲ್ಲಿ ಮೂರು ದಿನದ ತರಬೇತಿಯಲ್ಲಿ ಕಲಿತೆ. ತೂಗುವಾಗ ಮಗುವಿನ ಮೈಮೇಲೆ ಏನೂ ಇರಬಾರದು ಎಂದೂ ಅಲ್ಲಿ ಹೇಳಿದ್ದರು. ನೋಟುಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಬರೆದುಕೊಂಡದ್ದನ್ನು ಒಂದು ದಿನ ಮರೆತೆ. ಅದನ್ನು ಸರಿಮಾಡಲು ಐದು ತಿಂಗಳು ಬೇಕಾಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಾಳೂರಿನ ಕಡೆ ರಸ್ತೆ ಬದಿಯಲ್ಲಿ ನಮ್ಮವರ ದಿನಸಿ ಅಂಗಡಿ. ಊರಿನವರು ನನ್ನನ್ನು ಅಂಗಡಿಯಕ್ಕ ಎನ್ನುತ್ತಿದ್ದರು. ನಮ್ಮ ಮಹಿಳಾ ಸಮಾಜದ ಅಧ್ಯಕ್ಷೆ ಹತ್ತಿರದ ಎಸ್ಟೇಟಿನ ಸಾಹುಕಾರರ ಹೆಂಡತಿ. ತೋಟದ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳಿಗೆ ಮಧ್ಯಾಹ್ನ ಒಂದು ಹೊತ್ತು ಹೊಟ್ಟೆಗೆ ಹಾಕುವ ಕೇಂದ್ರ ಮಂಜೂರಾದಾಗ ಅವರು ತಮ್ಮ ಹಳೆಯ ಕಾಫಿ ಗೋಡೌನನ್ನು ಬಿಟ್ಟುಕೊಟ್ಟರು. ಅಡಿಗೆಗೂ ತೂಕಕ್ಕೂ ಯಾರಾದರೂ ಬೇಕಲ್ಲ. ‘ನಿಮಗೆ ಓದುಬರಹ ಬರುತ್ತೆ, ಕೈಯಲ್ಲಿ ರುಚಿ ಇದೆ, ಬೆಳಗಿನ ಪೂಜೆ ಮುಗಿಸಿ ಬನ್ನಿ ಸಾಕು’ ಎಂದರು. ನಮ್ಮವರು, ‘ಹೋಗು ಇವಳೇ, ಮಕ್ಕಳ ಹೊಟ್ಟೆ ತುಂಬಿಸೋದಕ್ಕಿಂತ ದೊಡ್ಡ ಪೂಜೆ ಯಾವುದಿದೆ?’ ಎಂದರು. ನನ್ನ ಮೊದಲ ಭಾಗ್ಯ ಅದು.

ಕೇಂದ್ರಕ್ಕೆ ಬರುತ್ತಿದ್ದದ್ದು ಪರದೇಶದ ದಾನ. ಗೋಧಿ ನುಚ್ಚು, ಹಳದಿ ಬಣ್ಣದ ಹಿಟ್ಟು, ಹಾಲಿನ ಪುಡಿ, ಡಬ್ಬದಲ್ಲಿ ಎಣ್ಣೆ. ಅದು ನಮಗೆ ಯಾಕೆ ಸಿಗುತ್ತದೆ ಎಂಬುದನ್ನು ತರಬೇತಿಯಲ್ಲಿ ಜಿಲ್ಲೆಯ ಅಧಿಕಾರಿಗಳು ಜರಡಿಯ ಲೆಕ್ಕದಲ್ಲಿ ಹೇಳಿದ್ದರು. ಮೊದಲ ಜರಡಿ ದೇಶಕ್ಕೆ. ಬಡ ದೇಶ ಎಂದು ಪಟ್ಟಿಯಲ್ಲಿದ್ದರೆ ಮಾತ್ರ ಹಡಗು ಹೊರಡುತ್ತದೆ. ಎರಡನೆಯದು ತಾಲೂಕಿಗೆ. ಮೂರನೆಯದು ಕೇಂದ್ರಕ್ಕೆ. ಕೊನೆಯ ಜರಡಿ ಮಗುವಿಗೆ, ಅಂದರೆ ತೂಕದ ಕಾರ್ಡು. ಕಾರ್ಡಿನಲ್ಲಿ ವಯಸ್ಸಿಗೆ ತಕ್ಕ ಒಂದು ಗೆರೆ. ಪ್ರತಿ ತಿಂಗಳು ತೂಗಿ ಒಂದು ಚುಕ್ಕಿ ಇಡಬೇಕು. ಚುಕ್ಕಿ ಗೆರೆಯ ಕೆಳಗಿದ್ದರೆ ಹೆಸರು ಪಟ್ಟಿಯಲ್ಲಿರುತ್ತದೆ, ಮೇಲೆ ಹತ್ತಿದರೆ ಹೋಗುತ್ತದೆ.

ನಾನು ಎದ್ದು ನಿಂತು, ‘ದೇಶವನ್ನ ಹೇಗೆ ತೂಗ್ತಾರೆ ಸಾರ್?’ ಎಂದು ಕೇಳಿದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ‘ಅದಕ್ಕೂ ಒಂದು ಗೆರೆ ಇದೆಯಮ್ಮ. ತಲೆಗೆಷ್ಟು ಆದಾಯ ಅಂತ ನೋಡ್ತಾರೆ. ಒಂದಲ್ಲ ಒಂದು ದಿನ ನಮ್ಮ ದೇಶದ ಹೆಸರೂ ಹೊಡೆದು ಹಾಕ್ತಾರೆ. ಅವತ್ತು ಸಿಹಿ ಹಂಚೋಣ’ ಎಂದರು.

ಮೂಟೆಗಳು ಮೂಡಿಗೆರೆಯಿಂದ ಒಬ್ಬ ಸಾಬರ ಜೀಪಿನಲ್ಲಿ ಬರುತ್ತಿದ್ದವು. ರಸ್ತೆ ತಿರುವಿನಲ್ಲಿ ಅವರದೇ ರಿಪೇರಿ ಶೆಡ್ಡು. ಮೊದಲ ಲೋಡು ಇಳಿಸುವಾಗಲೇ ಒಂದು ಮೂಟೆ ಹರಿದಿತ್ತು. ‘ಅಕ್ಕ, ಇದು ಹಡಗಲ್ಲಿ ಬಂತು, ರೈಲಲ್ಲಿ ಬಂತು, ಲಾರೀಲಿ ಬಂತು, ಏನೂ ಆಗ್ಲಿಲ್ಲ. ನಮ್ಮ ಬಾಳೂರು ರೋಡಲ್ಲಿ ಒಂದೇ ಮೈಲಿಗೆ ಹೊಟ್ಟೆ ಬಿರೀತು ನೋಡಿ’ ಎಂದರು. ಖಾಲಿ ಚೀಲದ ಬಟ್ಟೆ ಗಟ್ಟಿ. ತಾಯಂದಿರು ಕೇಳಿ ಒಯ್ದು ಮಕ್ಕಳಿಗೆ ಚಡ್ಡಿ ಹೊಲಿಸಿದರು. ‘ಮಾರಾಟಕ್ಕಲ್ಲ’ ಎಂಬ ಇಂಗ್ಲಿಷ್ ಅಕ್ಷರ ಎಷ್ಟೋ ಮಕ್ಕಳ ಕುಂಡೆಯ ಮೇಲೆ ಓಡಾಡುತ್ತಿತ್ತು.

ಹಿಟ್ಟು ಸುಲಭವಾಗಿ ಒಗ್ಗಲಿಲ್ಲ. ಹಡಗಿನ ವಾಸನೆ ಎಂದು ಮಕ್ಕಳು ಮುಖ ತಿರುಗಿಸಿದರು. ನಾನು ಅದನ್ನು ಸಣ್ಣ ಉರಿಯಲ್ಲಿ ಹುರಿದು, ಬೆಲ್ಲದ ನೀರು ಕುದಿಸಿ ಹಾಕಿ ಉಂಡೆ ಕಟ್ಟಿದೆ. ತಿಂದರು. ಹಾಲಿನ ಪುಡಿಯದು ದೊಡ್ಡ ಕಷ್ಟ. ಕುಡಿದ ಅರ್ಧಕ್ಕರ್ಧ ಮಕ್ಕಳಿಗೆ ಭೇದಿ. ಒಂದು ವಾರ ನಾನು ಅಡಿಗೆಗಿಂತ ನೆಲ ತೊಳೆದದ್ದೇ ಹೆಚ್ಚು. ಆಮೇಲೆ ಪುಡಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ, ಮನೆಯ ಹೆಪ್ಪು ಹಾಕಿ ಮೊಸರು ಮಾಡಿದೆ. ಕಡೆದು, ಉಪ್ಪು ಶುಂಠಿ ಹಾಕಿ ಮಜ್ಜಿಗೆ ಕೊಟ್ಟೆ. ಭೇದಿ ನಿಂತಿತು. ‘ರೂಲಿನಲ್ಲಿ ಹಾಲು ಅಂತ ಇದೆ’ ಎಂದರು ಅಧಿಕಾರಿಗಳು. ‘ಹಾಲೇ ಸಾರ್, ಒಂದು ರಾತ್ರಿ ಮಲಗಿ ಎದ್ದಿದೆ’ ಎಂದೆ. ಬಿಟ್ಟುಬಿಟ್ಟರು. ಅದೂ ಒಂದು ದಯೆ.

ಹೀಗೆ ಒಂದು ವರ್ಷ ನಡೆಯಿತು. ಪುಷ್ಯದ ಚಳಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಒಂದು ಕಾಗದ ಬಂತು. ದಾನ ಕೊಡುವ ಸಂಸ್ಥೆಯಿಂದ ಒಬ್ಬ ವಿದೇಶಿ ಹೆಂಗಸು ಅಧಿಕಾರಿಗಳ ಜೊತೆ ಬರುತ್ತಾರೆ, ತಮ್ಮ ಕಣ್ಣೆದುರಿಗೇ ಎಲ್ಲ ಮಕ್ಕಳನ್ನೂ ತೂಗಿಸುತ್ತಾರೆ, ಮುಂದಿನ ವರ್ಷವೂ ಕೇಂದ್ರಕ್ಕೆ ಹಿಟ್ಟು ಬರಬೇಕೋ ಬೇಡವೋ ಎಂಬುದನ್ನು ಆ ತೂಕದ ಮೇಲೆ ನಿರ್ಧರಿಸುತ್ತಾರೆ ಎಂದು. ಅಧ್ಯಕ್ಷೆ ಗೋಡೌನಿಗೆ ಸುಣ್ಣ ಹೊಡೆಸಿದರು. ನಾನು ಸಂಜೆ ಕೂಲಿಯವರು ಇರುವ ಲೈನಿಗೆ ಹೋಗಿ ಮನೆಮನೆಯ ಬಾಗಿಲಲ್ಲಿ ಹೇಳಿದೆ: ‘ಗುರುವಾರ ದೊಡ್ಡವರು ಬರ್ತಾರೆ. ಮಕ್ಕಳನ್ನ ಚೆಂದ ಮಾಡಿ ಕರ್ಕೊಂಡು ಬನ್ನಿ.’

ನನ್ನ ತಪ್ಪು ಆ ಮಾತಿನಲ್ಲಿತ್ತು. ಮುಖ ತೊಳೆದು ತಲೆ ಬಾಚಿ ಎಂಬ ಅರ್ಥದಲ್ಲಿ ನಾನು ಹೇಳಿದ್ದು. ಆದರೆ ಮನೆಗೆ ದೊಡ್ಡವರು ಬರುವಾಗ ಚೆಂದ ಮಾಡುವುದೆಂದರೆ ಏನು ಎಂಬುದು ನನಗೂ ಗೊತ್ತಿರಬೇಕಿತ್ತು.

ಗುರುವಾರ ಮಕ್ಕಳು ಬಂದ ಪರಿ ನೋಡಿ ನನಗೇ ಕಣ್ಣು ತುಂಬಿತು. ಕಾಲಿಗೆ ಬೆಳ್ಳಿ ಕಡಗ, ಸೊಂಟಕ್ಕೆ ಉಡಿದಾರ, ಕೊರಳಿಗೆ ತಾಯಿತ. ಇಲ್ಲದವರು ಇದ್ದವರ ಹತ್ತಿರ ಕೇಳಿ ತಂದಿದ್ದರು. ಮಂಜು ಸುರಿಯುತ್ತಿದ್ದ ಬೆಳಗು, ಹಾಗಾಗಿ ಎರಡೆರಡು ಅಂಗಿ, ಮೇಲೆ ಉಣ್ಣೆಯ ಸ್ವೆಟರು, ಟೋಪಿ.

ಆ ವಿದೇಶಿ ಹೆಂಗಸು ತುಂಬ ಒಳ್ಳೆಯವರು. ಎತ್ತರದ ಆಳು, ನೆಲದ ಮೇಲೆ ಮಂಡಿಯೂರಿ ಮಕ್ಕಳ ಸಮಕ್ಕೆ ಕೂತು ಮಾತಾಡಿಸಿದರು. ನನ್ನ ಮಜ್ಜಿಗೆಯನ್ನು ಎರಡು ಸಲ ಕೇಳಿ ಕುಡಿದರು. ತಕ್ಕಡಿಯನ್ನು ಗೋಡೌನಿನ ತೊಲೆಗೆ ನೇತುಹಾಕಿದ್ದೆ. ಸಂಜೆ ಹೊತ್ತು ಕೊಯ್ದ ಕಾಫಿ ಹಣ್ಣು ತೂಗುವ ತಕ್ಕಡಿಯೂ ಅದೇ ತೊಲೆಗೆ ನೇತಾಡುತ್ತಿತ್ತು. ನಾನು ತೂಗಿ ಓದುವುದು, ಅಧಿಕಾರಿಗಳು ಹೊಸ ಕಾರ್ಡಿಗೆ ಬರೆಯುವುದು.

ಸಾಲಿನಲ್ಲಿ ಒಬ್ಬಳು ಎರಡೂವರೆ ವರ್ಷದ ಹುಡುಗಿ ಇದ್ದಳು. ಅವಳ ತಾಯಿ ಆ ತೋಟದಲ್ಲೇ ಕೈಚುರುಕಿನ ಕೊಯ್ಲಿನವಳು. ಗಂಡ ಮಂಗಳೂರು ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿನ ಚುಕ್ಕಿ ಆ ಹುಡುಗಿಯದು. ಹಿಂದಿನ ತಿಂಗಳು ಎಂಟೂಮುಕ್ಕಾಲು ಕೆ.ಜಿ. ಇದ್ದಳು. ಅವತ್ತು ಅವಳನ್ನು ಎತ್ತಿದಾಗಲೇ ಭಾರ ಕೈಗೆ ತಿಳಿಯಿತು. ಸ್ವೆಟರಿನ ಒಳಗೆ ತೋಳು ಮಾತ್ರ ಕಡ್ಡಿಯ ಹಾಗೆಯೇ ಇತ್ತು. ಮುಳ್ಳು ಹತ್ತೂಕಾಲಿನಲ್ಲಿ ನಿಂತಿತು. ನಾನು ಮುಳ್ಳನ್ನು ಇನ್ನೊಮ್ಮೆ ನೋಡಿದೆ. ‘ಓದಿಯಮ್ಮ’ ಎಂದರು ಅಧಿಕಾರಿಗಳು. ಅಧ್ಯಕ್ಷೆಯ ಮುಖ ಅರಳಿತ್ತು, ವಿದೇಶಿ ಹೆಂಗಸು ಚಪ್ಪಾಳೆ ತಟ್ಟುತ್ತಿದ್ದರು, ತಾಯಿ ನನ್ನ ಬಾಯನ್ನೇ ನೋಡುತ್ತಿದ್ದಳು. ‘ಹತ್ತೂಕಾಲು’ ಎಂದೆ.

ಹಾಗೆ ಒಂದೊಂದೇ ಚುಕ್ಕಿ ಗೆರೆ ದಾಟಿತು. ಅರ್ಧಕ್ಕಿಂತ ಹೆಚ್ಚು ಹೆಸರುಗಳ ಮೇಲೆ ಕೆಂಪು ಶಾಯಿ ಬಿತ್ತು. ಕೊನೆಯಲ್ಲಿ ನಾನು ಸಹಿ ಹಾಕಿದೆ. ಅಧಿಕಾರಿಗಳು ತಿರುಗಿ, ‘ನಿಮ್ಮ ಮಕ್ಕಳು ಬಹಳ ಚೆನ್ನಾಗಿ ಬೆಳೆದಿದ್ದಾರೆ, ಇಂಥ ಕೇಂದ್ರ ನೋಡಿಲ್ಲ ಅಂತಿದ್ದಾರೆ ಮೇಡಂ’ ಎಂದರು. ಫೋಟೊ ತೆಗೆದರು. ಆ ಹುಡುಗಿಯ ತಾಯಿ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ರಾಣಿಯ ಹಾಗೆ ಹೊರಟಳು.

ಯುಗಾದಿಯ ಹೊತ್ತಿಗೆ ಆದೇಶ ಬಂತು. ಕೇಂದ್ರದ ಮಕ್ಕಳ ಸ್ಥಿತಿ ಸುಧಾರಿಸಿದೆ, ಗೆರೆಯ ಕೆಳಗಿನ ಮಕ್ಕಳ ಸಂಖ್ಯೆ ಸಾಲದು, ಇರುವ ದಾಸ್ತಾನು ಮುಗಿದ ಮೇಲೆ ಕೇಂದ್ರವನ್ನು ಮುಚ್ಚುವುದು. ಜೊತೆಗೆ ಒಂದು ಪ್ರಶಂಸೆಯ ಕಾಗದ. ಮಳೆ ಹಿಡಿದರೆ ನಮ್ಮ ರಸ್ತೆಯಲ್ಲಿ ಲೋಡು ತುಂಬಿದ ಜೀಪು ಬರುವುದಿಲ್ಲ. ತೋಟದಲ್ಲಿ ಕೆಲಸ ಕಡಿಮೆಯಾಗುವುದೂ ಅದೇ ತಿಂಗಳುಗಳಲ್ಲಿ. ಹಸಿವಿನ ಕಾಲಕ್ಕೇ ಒಲೆ ಆರುವುದಿತ್ತು.

ಆ ವಾರವೇ ಹುಡುಗಿಯ ತಾಯಿ ಅಂಗಡಿಗೆ ಉಪ್ಪಿಗೆ ಬಂದಳು. ಬೆನ್ನಿಗೆ ಕಟ್ಟಿದ ಮಗುವಿನ ತಲೆ ಒಂದು ಕಡೆ ವಾಲಿತ್ತು. ಕೂದಲು ಕೆಂಚಾಗಿತ್ತು.

‘ಏ ಮಾರಾಯ್ತಿ, ಎಂತ ಆಯ್ತೇ ಮಗೀಗೆ?’ ಎಂದೆ.

‘ದಡಾರ ಎದ್ದಿತ್ತಕ್ಕ. ಇಳೀತು. ಊಟ ಸೇರಲ್ಲ.’

‘ಗೋಡೌನಿಗೆ ಯಾಕೆ ತರಲ್ಲ?’

‘ನೀವೇ ಕೆಂಪು ಗೆರೆ ಎಳೆಸಿದ್ರಲ್ಲ? ಪಾಸಾದವಳನ್ನ ತಿರುಗಿ ಅದೇ ಕ್ಲಾಸಿಗೆ ಕೂರಿಸ್ತಾರಾ? ಊಟಕ್ಕೆ ಬಂದು ನಿಂತ್ರೆ ಜನ ಎಂತ ಅಂತಾರೆ?’

‘ಅವತ್ತು ಅಷ್ಟು ತೂಕ ಎಲ್ಲಿಂದ ಬಂತು ಹೇಳು.’

ಅವಳು ನಕ್ಕಳು. ‘ಕಾಲಿನ ಕಡಗ ನಮ್ಮತ್ತೇದು. ಉಡಿದಾರ ಪಕ್ಕದ ಮನೇದು. ಸ್ವೆಟರು ಎಸ್ಟೇಟಿನ ಅಮ್ಮಾವ್ರು ಕೊಟ್ಟಿದ್ದು. ಹೊಟ್ಟೇಲಿ ಎರಡು ಹೊತ್ತಿನ ಗಂಜಿ, ಒಂದೇ ಹೊತ್ತಿಗೆ.’

‘ಯಾಕೆ ಹಂಗೆ ಮಾಡ್ದೆ?’

‘ಎಂತಕ್ಕ ಹಿಂಗೆ ಕೇಳ್ತೀರಿ! ಕೊಕ್ಕೆಗೆ ಹಾಕಿದ್ದು ಜಾಸ್ತಿ ತೂಗ್ಲಿ ಅಂತ ಯಾರಿಗಿರಲ್ಲ? ಹಣ್ಣು ಕೊಯ್ಯೋರಿಗೆ ಕೇಳಿ. ಕಮ್ಮಿ ಬಂದ್ರೆ ಮೇಸ್ತ್ರಿ ಎಲ್ಲರೆದುರಿಗೆ ಬೈತಾನೆ. ಅದೇ ತೊಲೆ, ಅಂಥದ್ದೇ ಕೊಕ್ಕೆ. ಆ ಬಿಳಿಯಮ್ಮನ ಎದುರು ನನ್ನ ಮಗಳು ಕಮ್ಮಿ ಬಂದಿದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ? ನಾನೊಬ್ಬಳೇ ಅಲ್ಲ, ಲೈನಿನವರೆಲ್ಲ ಮಾಡಿದ್ದು ಅದೇ.’

ಉಪ್ಪು ಕಟ್ಟಿಕೊಟ್ಟೆ. ಮಗುವಿಗೆಂದು ಒಂದು ಲೋಟ ಮಜ್ಜಿಗೆ ತಂದೆ. ಮಗು ಅರ್ಧ ಕುಡಿದು ಮಲಗಿತು. ಅಳುವಷ್ಟು ಶಕ್ತಿಯೂ ಅದಕ್ಕೆ ಇರಲಿಲ್ಲ. ನನ್ನ ಬಾಯಿಂದ ಬಂದ ‘ಹತ್ತೂಕಾಲು’ ಎಂಬ ಮಾತು ಆಮೇಲೆ ಎಷ್ಟು ದಿನ ಕಿವಿಯಲ್ಲಿತ್ತೋ.

ಅಧ್ಯಕ್ಷೆಯ ಮನೆಗೆ ಹೋದೆ. ಅವರು ಆ ದಿನದ ಫೋಟೊಗೆ ಕಟ್ಟು ಹಾಕಿಸಿದ್ದರು. ಎಲ್ಲ ಕೇಳಿಸಿಕೊಂಡರು. ‘ಈಗ ಹೋಗಿ ತಪ್ಪಾಯ್ತು ಅಂದ್ರೆ ಸಮಾಜದ ಮರ್ಯಾದೆ ಏನಾಗುತ್ತೆ? ನಾವು ಬೇಕಂತಲೇ ಮೋಸ ಮಾಡಿದ್ವಿ ಅಂದ್ಕೊಳ್ತಾರೆ. ಬಿಡಿ. ಎಸ್ಟೇಟಿನಿಂದ ನಾಲ್ಕು ಮೂಟೆ ಅಕ್ಕಿ ಕೊಡಿಸ್ತೀನಿ’ ಎಂದರು.

‘ಅದು ಎಷ್ಟು ದಿನಕ್ಕೆ ಅಮ್ಮಾವ್ರೆ?’

ಅವರು ಫೋಟೊ ನೋಡಿದರು. ‘ನೀವು ಏನು ಮಾಡ್ಬೇಕು ಅಂತಿದೀರಿ?’

‘ತಿರುಗಿ ತೂಗ್ತೀನಿ. ತಗೊಂಡು ಹೋಗಿ ಹೇಳ್ತೀನಿ.’

‘ನಾನು ಬರಲ್ಲ. ತಡೆಯೋದೂ ಇಲ್ಲ’ ಎಂದರು. ಅಷ್ಟೇ ಸಾಕಾಗಿತ್ತು.

ತಕ್ಕಡಿಯ ಮುಳ್ಳು ಸ್ವಲ್ಪ ಅಂಟುತ್ತಿತ್ತು. ತೂಗುವ ಮೊದಲು ಜೀಪಿನ ಸಾಬರ ಶೆಡ್ಡಿಗೆ ಒಯ್ದೆ. ಅವರು ಬಿಚ್ಚಿ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಕಥೆಯೆಲ್ಲ ಕೇಳಿಸಿಕೊಂಡು, ಸ್ಕ್ರೂಡ್ರೈವರನ್ನು ಕೈಯಲ್ಲೇ ಹಿಡಿದು ನಿಂತರು.

‘ಅಕ್ಕ, ಒಂದು ಮಾತು ಹೇಳ್ಲಾ? ಈ ತಿರುಪಿಗೆ ಅರ್ಧ ಸುತ್ತು ಕೊಟ್ರೆ ಸಾಕು. ಎಲ್ಲಾ ಮಕ್ಕಳೂ ಒಂದು ಕೆ.ಜಿ. ಕಮ್ಮಿ. ಒಂದೂ ಹೆಸರು ಹೋಗಲ್ಲ. ಯಾರಿಗೂ ಗೊತ್ತಾಗಲ್ಲ.’

‘ಮೇಲಿರೋನಿಗೆ ಗೊತ್ತಾಗುತ್ತಲ್ಲ ಅಣ್ಣ.’

‘ಅವನಿಗೆ ಮಕ್ಕಳ ಹೊಟ್ಟೇನೂ ಗೊತ್ತಿರುತ್ತಲ್ಲ ಅಕ್ಕ.’

‘ನಾಳೆ ಹೇಳ್ತೀನಿ’ ಎಂದು ಬಂದೆ. ಅವರು ಹೇಳಿದ್ದರಲ್ಲಿ ದಯೆ ಇತ್ತು, ಅದೇ ಕಷ್ಟ.

ಮಾರನೆಯ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಮನಸ್ಸು ನಿಲ್ಲಲಿಲ್ಲ. ಅರ್ಧ ಸುತ್ತು, ಅರ್ಧ ಸುತ್ತು ಎಂದೇ ಹೇಳುತ್ತಿತ್ತು. ಆದರೆ ನಾನು ಏನೇ ಲೆಕ್ಕ ಹಾಕಿದರೂ ಅಂಗೈಯ ಮೇಲೆ ಲಿಂಗದ ತೂಕ ಅಷ್ಟೇ ಇತ್ತು. ಒಮ್ಮೆ ಭಾರ ಹೆಚ್ಚು ಓದಿದೆ, ಮಕ್ಕಳ ಊಟ ಹೋಯಿತು. ಈಗ ಕಡಿಮೆ ಓದಿದರೆ ಮುಂದಿನ ತಿಂಗಳು ಯಾವ ಮಗು ನಿಜವಾಗಿ ಸೊರಗಿದೆ ಎಂದು ನನಗೇ ತಿಳಿಯುವುದಿಲ್ಲ. ಕುರುಡಿಯಾಗುತ್ತೇನೆ. ಶಿವನೇ, ಇದ್ದದ್ದನ್ನು ಇದ್ದ ಹಾಗೆ ಓದುವಷ್ಟು ಬುದ್ಧಿ ಕೊಡು ಎಂದು ಕೈ ಮುಗಿದು ಎದ್ದೆ.

ಶೆಡ್ಡಿಗೆ ಹೋಗಿ, ‘ಸೊನ್ನೆಗೆ ಸರಿಯಾಗಿ ಇಟ್ಟುಕೊಡಿ ಅಣ್ಣ. ಕೂದಲೆಳೆಯಷ್ಟೂ ಆಚೀಚೆ ಬೇಡ’ ಎಂದೆ. ಅವರು ತಮ್ಮ ಶೆಡ್ಡಿನಲ್ಲಿದ್ದ ಐದು ಕೆ.ಜಿ. ತೂಕದ ಬಟ್ಟನ್ನು ನೇತುಹಾಕಿ ಮೂರು ಸಲ ನೋಡಿ ಕೊಟ್ಟರು. ‘ಚಿಕ್ಕಮಗಳೂರಿಗೆ ಅಧಿಕಾರಿಗಳ ಹತ್ರ ಹೋಗೋ ದಿನ ಹೇಳಿ. ಮೂಡಿಗೆರೆ ತನಕ ನಾನೇ ಬಿಡ್ತೀನಿ’ ಎಂದರು.

ರಜೆಯ ದಿನ ಎಲ್ಲರನ್ನೂ ಗೋಡೌನಿಗೆ ಕರೆದೆ. ತಾಯಂದಿರನ್ನು ಒಪ್ಪಿಸುವುದು ಅಧಿಕಾರಿಗಳನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ನಾನು ಮೊದಲು ನನ್ನ ತಪ್ಪು ಹೇಳಿಕೊಂಡೆ. ಆ ಹುಡುಗಿಯ ತಾಯಿಯೇ ಮೊದಲು ಬಾಯಿ ತೆಗೆದಳು.

‘ಚೆಂದ ಮಾಡಿ ಕರ್ಕೊಂಡು ಬನ್ನಿ ಅಂದೋರು ನೀವೇ. ಈಗ ಬೆತ್ತಲೆ ಮಾಡಿ ಅನ್ನೋರೂ ನೀವೇ. ನನ್ನ ಮಗಳೆಂತ ಕಾಫಿ ಹಣ್ಣಾ, ಎಲೆ ಕಡ್ಡಿ ಎಲ್ಲ ಆರಿಸಿ ತೂಗೋಕೆ?’

‘ಬಯ್ಯಿ ಮಾರಾಯ್ತಿ, ಇನ್ನೂ ಬಯ್ಯಿ. ಬೈದು ಮುಗಿಸಿ ಆಮೇಲೆ ಕಡಗ ಬಿಚ್ಚು.’

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳಿಗೆ ಇನ್ನೂ ಸಿಟ್ಟು. ‘ಕಮ್ಮಿ ಬಂದ್ರೆ?’

‘ಕಮ್ಮಿ ಬಂದ್ರೆ ಬೈಸಿಕೊಳ್ಳೋಳು ನಾನು, ನೀನಲ್ಲ. ಮೇಸ್ತ್ರಿ ತಕ್ಕಡಿ ಕೂಲಿಗೆ. ಈ ತಕ್ಕಡಿ ಊಟಕ್ಕೆ. ಇದರಲ್ಲಿ ಕಮ್ಮಿ ಬಂದೋರಿಗೆ ಜಾಸ್ತಿ ಕೊಡ್ತಾರೆ ಕಣೇ.’

‘ಇಂಥ ತಕ್ಕಡಿ ನಾನು ಕಂಡಿಲ್ಲಪ್ಪ’ ಎಂದಳು. ಆದರೂ ಕುಕ್ಕರುಗಾಲಲ್ಲಿ ಕೂತು ಮಗಳ ಕಡಗದ ಕೀಲು ಸಡಿಲಿಸತೊಡಗಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಅಧ್ಯಕ್ಷೆ ನಿಂತಿದ್ದರು. ಬರುವುದಿಲ್ಲ ಎಂದವರು. ಹಿಂದೆ ಅವರ ಮನೆಯ ಆಳು ಕೆಂಡ ತುಂಬಿದ ಅಗ್ಗಿಷ್ಟಿಕೆ ಹೊತ್ತಿದ್ದ. ‘ಗಾಳೀಲಿ ಮಕ್ಕಳನ್ನ ಬರಿಮೈಲಿ ನಿಲ್ಲಿಸ್ತೀರಾ?’ ಎಂದು ನನ್ನನ್ನು ಗದರಿ, ತಾವೇ ತಂದ ದುಪ್ಪಟಿಯನ್ನು ಅಡ್ಡ ಕಟ್ಟಿಸಿದರು. ಆಮೇಲೆ ಸೆರಗು ಸಿಕ್ಕಿಸಿ ಒಂದೊಂದೇ ಮಗುವನ್ನು ಎತ್ತಿ ಕೊಟ್ಟರು. ಕೂಲಿಯವರ ಮಕ್ಕಳನ್ನು ಅವರು ಬರಿಮೈಯಲ್ಲಿ ಎತ್ತಿದ್ದು ಅದೇ ಮೊದಲಿರಬೇಕು. ಆ ಹುಡುಗಿಯನ್ನು ಎತ್ತಿದಾಗ, ‘ಅಯ್ಯೋ, ಏನೂ ಇಲ್ವಲ್ರೀ ಇದರ ಮೈಲಿ’ ಎಂದು ನನ್ನ ಮುಖ ನೋಡಿದರು.

ಎರಡು ಕಾಲಂ ಹಾಕಿದೆ. ಒಂದು ಮಗುವಿನದು, ಇನ್ನೊಂದು ಮೈಮೇಲಿನದು. ಆ ಗುರುವಾರ ಯಾವ ಮಗು ಏನೇನು ತೊಟ್ಟಿತ್ತೋ ಅದನ್ನೆಲ್ಲ ಮತ್ತೆ ಕೇಳಿ ತರಿಸಿದ್ದೆ. ಕಡಗ, ಉಡಿದಾರ, ಸ್ವೆಟರು, ಅಂಗಿ, ಎಲ್ಲವನ್ನೂ ಅದೇ ಚೀಲದಲ್ಲಿ ಹಾಕಿ ಬೇರೆ ತೂಗಿದೆ. ಆ ಹುಡುಗಿ ಎಂಟೂಕಾಲು ಕೆ.ಜಿ. ಮೈಮೇಲಿನದೇ ಒಂದು ಕೆ.ಜಿ.ಗೆ ಸ್ವಲ್ಪ ಕಡಿಮೆ. ಪ್ರತಿ ಸಾಲಿನ ಮುಂದೆ ತಾಯಿಯ ಹೆಬ್ಬೆಟ್ಟು, ಕೆಳಗೆ ನನ್ನ ಸಹಿ. ಅದರ ಕೆಳಗೆ, ನಾನು ಕೇಳದೆಯೇ, ಅಧ್ಯಕ್ಷೆಯ ಸಹಿ.

ನಾನು ಹೊರಟೆ, ಜೊತೆಗೆ ಆ ತಾಯಿ ಮತ್ತು ಮಗು. ಬೆಳ್ಳಿಯನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಜೀಪಿನಲ್ಲಿ ಮೂಡಿಗೆರೆ, ಅಲ್ಲಿಂದ ಬಸ್ಸು. ಕಂಡಕ್ಟರು ಮಗುವನ್ನು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ದಾರಿಯುದ್ದಕ್ಕೂ ಮಗು ವಾಂತಿ ಮಾಡಲಿಲ್ಲ. ಇಂಥವನ್ನೆಲ್ಲ ನಾನು ಎಣಿಸುತ್ತ ಹೋದೆ. ಹೆದರಿದವಳಿಗೆ ಎಣಿಸುವ ಕೆಲಸ ಒಳ್ಳೆಯದು.

ಅಧಿಕಾರಿಗಳು ನನ್ನ ಹಾಳೆಗಳನ್ನು ಎರಡು ಸಲ ಓದಿದರು. ಕೋಪ ಬಂದಿತ್ತು.

‘ಅವತ್ತು ಸಹಿ ಹಾಕಿದ್ದು ಯಾರು?’

‘ನಾನೇ ಸಾರ್. ತಪ್ಪು ನನ್ನದೇ. ಎತ್ತಿದಾಗಲೇ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ.’

‘ಏನಮ್ಮ ನೀವು! ಎಲ್ಲ ಕಡೆ ತಪ್ಪು ಒಂದೇ ದಿಕ್ಕಿಗೆ ಇರುತ್ತೆ. ಪಟ್ಟೀಲಿ ಉಳೀಲಿ ಅಂತ ಮಕ್ಕಳನ್ನ ಹಗುರ ಮಾಡ್ತಾರೆ. ಭಾರ ಮಾಡಿ ಕಳಿಸಿದವರನ್ನ ನಾನು ಇವತ್ತೇ ನೋಡ್ತಿರೋದು. ಬೆಳ್ಳಿ ಕಂಡಿತ್ತು ನನಗೂ. ಹಬ್ಬದ ಹಾಗಿದೆ ಅಂದ್ಕೊಂಡೆ’ ಎಂದವರು ಹಾಳೆಗಳನ್ನು ಮತ್ತೆ ತಿರುವಿದರು. ‘ಈಗ ಇದು ಮಾತ್ರ ಸರಿ ಅಂತ ಹೇಗೆ ನಂಬಲಿ?’

‘ನಂಬಬೇಡಿ ಸಾರ್. ತೂಗಿ’ ಎಂದೆ.

ಬೀರುವಿನಿಂದ ಅವರು ತಮ್ಮ ತಕ್ಕಡಿ ತೆಗೆದು ಕಿಟಕಿಯ ಸರಳಿಗೆ ಕಟ್ಟಿದರು. ತಾಯಿ ಹೇಳಿಸಿಕೊಳ್ಳದೆ ಮಗುವಿನ ಅಂಗಿ ತೆಗೆದಳು. ಮಗು ಅಳಲಿಲ್ಲ, ಒದೆಯಲಿಲ್ಲ, ಮುಳ್ಳು ಬೇಗ ನಿಂತಿತು. ಎಂಟೂಕಾಲಿಗೆ ಒಂದು ಗೀಟು ಕೆಳಗೆ. ಆಮೇಲೆ ತಾಯಿ ಸೆರಗಿನ ಗಂಟು ಬಿಚ್ಚಿ ಬೆಳ್ಳಿಯನ್ನು ಫೈಲುಗಳ ಮೇಲೆ ಸುರಿದಳು. ‘ಇದನ್ನೂ ತೂಗಿ ಸಾರ್. ಇದು ಊಟ ಮಾಡಲ್ಲ’ ಎಂದಳು.

ಅವರು ಬೆಳ್ಳಿಯನ್ನು ತೂಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಆದೇಶ ರದ್ದು ಮಾಡುವುದು ಅವರೊಬ್ಬರ ಕೈಯಲ್ಲಿರಲಿಲ್ಲ. ವರದಿಗೆ ಆ ವಿದೇಶಿ ಹೆಂಗಸಿನ ಸಹಿಯೂ ಇತ್ತು, ಅವರು ಒಪ್ಪಬೇಕು. ‘ಬರೀತೀನಿ. ಮಳೆಗೆ ಮುಂಚೆ ಉತ್ತರ ಬರುತ್ತೆ ಅಂತ ಮಾತ್ರ ಹೇಳಲಾರೆ’ ಎಂದರು. ತಮ್ಮ ಕೈಯಲ್ಲಿದ್ದದ್ದನ್ನು ಮಾಡಿದರು. ಹುಡುಗಿಯ ಹೆಸರಿನ ಮೇಲಿನ ಕೆಂಪು ಗೆರೆಯ ಪಕ್ಕ ‘ಮರುಸೇರ್ಪಡೆ’ ಎಂದು ಬರೆದು, ಉಗ್ರಾಣದಲ್ಲಿ ಮಿಕ್ಕಿದ್ದ ಎರಡು ಮೂಟೆ ಹಿಟ್ಟಿಗೆ ಚೀಟಿ ಕೊಟ್ಟರು. ಮಗುವನ್ನು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಹೋಗಿ ಎಂದು ಕಾಗದವನ್ನೂ ಕೊಟ್ಟರು.

ಆ ಎರಡು ಮೂಟೆಯನ್ನು ಅಧ್ಯಕ್ಷೆಯ ಅಕ್ಕಿಯ ಜೊತೆ ಬೆರೆಸಿ ದಿನ ನೂಕಿದೆ. ಹುಡುಗಿಗೆ ದಿನಕ್ಕೆ ನಾಲ್ಕು ಸಲ, ಎರಡೆರಡು ಚಮಚೆ. ಮೊದಲ ವಾರ ಚುಕ್ಕಿ ಇನ್ನೂ ಕೆಳಗಿಳಿಯಿತು. ಎರಡನೆಯ ವಾರ ಅಲ್ಲೇ ನಿಂತಿತು. ಮೂರನೆಯ ವಾರ ಅವಳು ತಕ್ಕಡಿಯಲ್ಲಿ ಜೋರಾಗಿ ಅತ್ತಳು. ಮುಳ್ಳು ಕುಣಿಯಿತು. ಅಂಥ ಒಳ್ಳೆಯ ಅಳುವನ್ನು ನಾನು ಕೇಳಿರಲಿಲ್ಲ.

ಮೃಗಶಿರೆಯ ಮಳೆಗೆ ಎರಡು ದಿನ ಮೊದಲು ಜೀಪು ಹಾರನ್ ಹೊಡೆಯುತ್ತ ಬಂತು. ಟಾರ್ಪಾಲಿನ ಕೆಳಗೆ ಹಿಟ್ಟು, ಪುಡಿ, ಎಣ್ಣೆಯ ಡಬ್ಬ. ‘ನಿಮ್ಮ ಮೇಲಿರೋನು ಲೋಡು ಕಳಿಸಿದ್ದಾನೆ ಅಕ್ಕ, ಇಳಿಸ್ಕೊಳ್ಳಿ’ ಎಂದರು ಸಾಬರು. ‘ನಿಮ್ಮೋನೂ ಹೌದಲ್ಲ ಅಣ್ಣ?’ ಎಂದೆ. ‘ಹೌದಪ್ಪ, ಜೀಪು ಓಡಿಸಿದ್ದು ನನ್ನೋನು’ ಎಂದು ನಕ್ಕರು.

ಚೀಟಿಯ ಜೊತೆ ವಿದೇಶಿ ಹೆಂಗಸಿನ ಕಾಗದದ ಪ್ರತಿಯೂ ಇತ್ತು. ಅಧ್ಯಕ್ಷೆ ಓದಿ ಅರ್ಥ ಹೇಳಿದರು. ಆ ಬೆಳ್ಳಿಯನ್ನು ತಾವೂ ಕಂಡು ಮೆಚ್ಚಿದ್ದಾಗಿಯೂ, ಅದಕ್ಕೆ ತೂಕ ಇರುತ್ತದೆಂದು ಹೊಳೆಯದೇ ಹೋದದ್ದು ತಮ್ಮ ತಪ್ಪೆಂದೂ ಬರೆದಿದ್ದರು. ಅಷ್ಟು ದೂರದಿಂದ ಬಂದವರು ತಪ್ಪಿನಲ್ಲಿ ಪಾಲು ಕೇಳಿದ್ದು ನನಗೆ ದೊಡ್ಡದಾಗಿ ಕಂಡಿತು.

ಗೋಡೌನಿನ ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಮೊಳೆ ಹೊಡೆಸಿದೆ. ತೂಕದ ದಿನ ತಾಯಂದಿರು ಬೆಳ್ಳಿ, ಸ್ವೆಟರು, ತಾಯಿತ ಎಲ್ಲವನ್ನೂ ಅಲ್ಲಿ ನೇತುಹಾಕಿ ಒಳಗೆ ಬರಬೇಕು. ತೂಗಿದ ಮೇಲೆ ಎಷ್ಟು ಬೇಕಾದರೂ ಚೆಂದ ಮಾಡಿಕೊಳ್ಳಲಿ. ಆ ಮೊಳೆಗಳನ್ನು ನೋಡುವಾಗ ಒಮ್ಮೊಮ್ಮೆ ಮೊದಲ ಜರಡಿ ನೆನಪಾಗುತ್ತಿತ್ತು. ದೇಶವೂ ದೊಡ್ಡವರೆದುರು ನಿಲ್ಲುವಾಗ ಇದ್ದಬದ್ದದ್ದನ್ನೆಲ್ಲ ತೊಟ್ಟು ನಿಲ್ಲುತ್ತದೋ ಏನೋ. ಅದರ ಹೆಸರು ಹೊಡೆಯುವ ದಿನವೂ ಯಾರಾದರೂ ಬೆಳ್ಳಿಯನ್ನು ಬೇರೆ ತೂಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಮುಂದಿನ ಪುಷ್ಯಕ್ಕೆ ಮೊದಲು, ಮತ್ತೊಂದು ಕೊಯ್ಲು ಶುರುವಾದಾಗ, ಒಂದು ಬೆಳಗ್ಗೆ ಆ ಹುಡುಗಿ ತಾನೇ ನಡೆದು ಬಂದು, ತಾನೇ ಚೀಲದಲ್ಲಿ ಕಾಲು ಹಾಕಿದಳು. ಮೈಮೇಲೆ ದಾರದ ಎಳೆಯೂ ಇರಲಿಲ್ಲ. ಮುಳ್ಳು ನಿಂತಿತು. ಚುಕ್ಕಿ ಇಟ್ಟು ನೋಡಿದೆ. ಗೆರೆಯ ಮೇಲೆ. ಇನ್ನೊಮ್ಮೆ ತೂಗಿದೆ. ಮೇಲೆಯೇ.

‘ಹೊಡೀರಿ ಅಕ್ಕ’ ಎಂದಳು ತಾಯಿ.

‘ಇನ್ನೊಂದು ತಿಂಗಳು ನೋಡೋಣ್ವಾ?’

‘ಬೇಡ. ಈಗ ನಿಜವಾಗಿ ಪಾಸಾಗಿದಾಳೆ. ಆ ಜಾಗಕ್ಕೆ ಹೊಸ ಮೇಸ್ತ್ರಿಯ ಮೊಮ್ಮಗು ಇದೆ, ಅಕ್ಕ. ಸೊರಗಿ ಕಡ್ಡಿಯಾಗಿದೆ.’

ಕೆಂಪು ಶಾಯಿಯ ಪೆನ್ನು ತೆಗೆದು ಹೆಸರಿನ ಮೇಲೆ ನೇರವಾಗಿ ಗೆರೆ ಎಳೆದೆ. ತಲೆ ಎತ್ತಿದಾಗ ಅವಳು ಗೋಡೆಯ ಹತ್ತಿರ ನಿಂತು, ಮೊಳೆಯಿಂದ ಕಡಗಗಳನ್ನು ತೆಗೆದು ಕೈಯಲ್ಲಿ ಹಿಡಿದಿದ್ದಳು. ಹುಡುಗಿ ಆಗಲೇ ಒಂದು ಕಾಲು ಮುಂದೆ ಚಾಚಿದ್ದಳು.

‘ಅಕ್ಕ,’ ಎಂದಳು ತಾಯಿ, ‘ಈಗ ಹಾಕ್ಬೋದಾ?’